ಜಪಾನಿನ ಬಿಸಿನೀರ ಬುಗ್ಗೆ ರ್‍ಯೋಕಾನ್‌ಗೆ ಹೋಗೋರಿಗೆ

ಚಿಕ್ಕಮಗಳೂರು ಕಡೆಯಿಂದ ಜಪಾನ್‌ಗೆ ಹೋಗೋರು ಒಂದ್ ರಾತ್ರಿನಾದ್ರೂ ಅಲ್ಲಿನ ಹಳೇ ಶೈಲಿ ಹೋಟೆಲ್ ಆದ ರ್‍ಯೋಕಾನ್‌ನಲ್ಲಿ ಉಳ್ಕೊಳಿ, ಟೋಕಿಯೋಗೆ ಹತ್ರ ಅಂದ್ರೆ ಹಕೋನೆ ಅನ್ನೋ ಬಿಸಿನೀರ ಬುಗ್ಗೆ ಊರು. ಅಲ್ಲಿ ಬಿಸಿನೀರಿನ ದೊಡ್ಡ ತೊಟ್ಟಿಗೆ ಬೇರೆಯವರ ಜೊತೆ ಬಟ್ಟೆ ಇಲ್ದೇನೇ ಇಳೀಬೇಕು. ಅವರ ಮುಂದೆ ಬಟ್ಟೆ ಬಿಚ್ಚೋಕೆ ಸಂಕೋಚ ಆದ್ರೆ ಬುಕ್ ಮಾಡುವಾಗ್ಲೇ ರೂಮಲ್ಲೇ ಬಾತ್ ಇರೋದು ನೋಡಿ, ರೇಟ್ ಜಾಸ್ತಿ ಅನ್ಸಿದ್ರೆ ಕಶಿಕಿರಿ (ಬಾಡಿಗೆಗೆ ಪೂರ್ತಿ ನಿಮಗೇ ಬಿಟ್ಟ) ಬಾತ್ ಕೇಳಿ, ಮುಕ್ಕಾಲು ಗಂಟೆನೋ ಒಂದ್ ಗಂಟೆನೋ ಇಡೀ ತೊಟ್ಟಿ ನಿಮ್ ಫ್ಯಾಮಿಲಿಗೇ ಬಿಟ್ಕೊಡ್ತಾರೆ. ಇಳಿಯೋಕೆ ಮುಂಚೆ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು, ನಮ್ ಬಚ್ಚಲುಮನೇಲಿ ಮಾಡೋ ಹಾಗೇನೇ, ಸೋಪ್ ಹಾಕಿ ಪೂರ್ತಿ ತೊಳ್ಕೊಬೇಕು. ತೊಟ್ಟಿ ಒಳಗೆ ಸೋಪು, ಟವೆಲ್ಲು ಎರಡೂ ಬೇಡ. ನೀರು ಸುಮಾರು 40-42 ಡಿಗ್ರಿ ಇರುತ್ತೆ, ಮೊದಲ್ನೇ ಸಲ ಹತ್ತು ನಿಮಿಷ ಸಾಕು. ಅಲ್ಲಿ ಕೊಡೋ ಹತ್ತಿ ನಿಲುವಂಗಿ ಯುಕಾತಾನ ಎಡಭಾಗ ಮೇಲೆ ಬರೋ ಹಾಗೆ ಉಡಿ, ಉಲ್ಟಾ ಉಡಿಸೋದು ಹೆಣಕ್ಕೆ. ವೆಜ್ ಆಗಿದ್ರೆ ದಯವಿಟ್ಟು ಮೊದಲೇ ಮೇಲ್ ಮಾಡಿ, ತರಕಾರಿ ಸೂಪಿಗೂ ಮೀನು ಬೇಯಿಸಿ ತೆಗೆದ ರಸ, ದಾಶಿ, ಹಾಕಿರ್ತಾರೆ.