ಅರಿಸಾಕ ಕೋವಿ: ಯಾವ ಗಾಯ ಕಾರ್ಖಾನೆಯದ್ದು, ಯಾವುದು ನಂತರದ್ದು

1945ರಲ್ಲಿ ಜಪಾನ್‌ನಲ್ಲಿ ತಯಾರಾದ ಸೈನ್ಯದ ಅರಿಸಾಕ ಕೋವಿಯನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಇದನ್ನು ಯಾರೋ ಹಾಳು ಮಾಡಿದ್ದಾರೆ ಅನಿಸುತ್ತದೆ. ಲೋಹದ ಮೇಲೆ ಲೇತ್ ಮೆಷಿನ್ನಿನ ಗೆರೆಗಳು ಹಾಗೇ ಇವೆ. ಮರದ ಮೇಲೆ ಅರದ ಗೀರುಗಳಿವೆ. ಹಿಂತುದಿಯಲ್ಲಿ ಉಕ್ಕಿನ ತಟ್ಟೆ ಇರಬೇಕಾದ ಕಡೆ ಒಂದು ಹಲಗೆ ತುಂಡಿಗೆ ಮೊಳೆ ಹೊಡೆದಿದ್ದಾರೆ. ಆದರೆ ಇದು ಯಾರೂ ಹಾಳು ಮಾಡಿದ್ದಲ್ಲ. ಕಾರ್ಖಾನೆಯಿಂದ ಹೊರಗೆ ಬಂದಿದ್ದೇ ಹೀಗೆ. ಈ ಹಳೆಯ ಕೋವಿಗಳನ್ನು ಸರಿಮಾಡುವ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ ಇದೇ. ಯಾವ ಗಾಯ ಕಾರ್ಖಾನೆಯದ್ದು, ಯಾವುದು ಆಮೇಲಿನದ್ದು ಅಂತ ಗೊತ್ತಾಗುವ ತನಕ ಕೈ ಹಚ್ಚಬಾರದು.

ನಾನು ಕೊಡಗಿನವನು, ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಾರೆ. ಹಾಗಾಗಿ ಕೋವಿಯನ್ನು ಒರೆಸಿ, ಎಣ್ಣೆ ಹಾಕಿ ಜೋಪಾನ ಮಾಡುವುದು ಚಿಕ್ಕಂದಿನಿಂದ ನೋಡಿದ ಕೆಲಸ. ಜಪಾನಿನ ಕೋವಿಗಳ ಮೇಲೆ ಆಸಕ್ತಿ ಹುಟ್ಟಿದ್ದು ಬರ್ಮಾ ಯುದ್ಧದಿಂದ. ನಮ್ಮ ಜಿಲ್ಲೆಯ ಜನರಲ್ ತಿಮ್ಮಯ್ಯನವರು ಅರಕಾನ್‌ನಲ್ಲಿ ಜಪಾನಿಗಳ ವಿರುದ್ಧ ಕಾದಾಡಿದವರು. 1945ರ ಸೆಪ್ಟೆಂಬರ್‌ನಲ್ಲಿ ಸಿಂಗಾಪುರದಲ್ಲಿ ನಡೆದ ಶರಣಾಗತಿಯಲ್ಲೂ ಇದ್ದರು. ಆ ಕಾಡುಗಳಲ್ಲಿ ನಮ್ಮ ಸೈನಿಕರ ಎದುರು ನಿಂತ ಕೋವಿ ಅರಿಸಾಕ. ಭಾರತದಲ್ಲಿ ಇಂಥ ಹವ್ಯಾಸ ಸಾಮಾನ್ಯರಿಗೆ ಸಾಧ್ಯವಾಗುವಂಥದ್ದಲ್ಲ. ಇಲ್ಲಿ 50 ವರ್ಷ ದಾಟಿದ ಹಳೆಯ ಬಂದೂಕುಗಳ ಸಂಗ್ರಹಕಾರರಿಗೆ ಅಂತಲೇ ಒಂದು ಫೆಡರಲ್ ಲೈಸೆನ್ಸ್ ಇದೆ. ಅದರ ಮೇಲೆ ಆಯಾ ರಾಜ್ಯದ ಕಾನೂನು ಬೇರೆ. ಅದನ್ನು ಮೊದಲೇ ಓದಿಕೊಳ್ಳಿ.

ಅರಿಸಾಕದಲ್ಲಿ ಹೆಚ್ಚಾಗಿ ಸಿಗುವುದು ಎರಡು ಮಾದರಿ. ಒಂದು 1905ರ ಟೈಪ್ 38. ಉದ್ದನೆಯ ಕೋವಿ, 6.5 ಮಿಲಿಮೀಟರ್ ಗುಂಡು. ಇನ್ನೊಂದು 1939ರ ಟೈಪ್ 99, 7.7 ಮಿಲಿಮೀಟರ್. ಜಪಾನಿನ ಹಳೆಯ ಕಾಲಗಣನೆಯಲ್ಲಿ ಅದು 2599ನೇ ವರ್ಷ, ಅದರ ಕೊನೆಯ ಎರಡು ಅಂಕಿಯೇ 99. ಶುರುವಿನ ಟೈಪ್ 99 ನೋಡಿದರೆ ಕಣ್ಣು ತುಂಬುತ್ತದೆ. ನಳಿಗೆಯ ಒಳಗೆ ಕ್ರೋಮ್ ಲೇಪ, ಬೋಲ್ಟಿನ (ತೋಟಾವನ್ನು ಒಳಗೆ ತಳ್ಳಲು ಹಿಂದೆ ಮುಂದೆ ಸರಿಯುವ ಭಾಗ) ಮೇಲೆ ಧೂಳು ತಡೆಯುವ ಮುಚ್ಚಳ, ನೆಲಕ್ಕೆ ಊರಲು ತಂತಿಯ ಒಂಟಿಗಾಲು. ವಿಮಾನಕ್ಕೆ ಗುರಿ ಹಿಡಿಯಲು ಸೈಟಿನ ಎರಡು ಪಕ್ಕಕ್ಕೆ ಮಡಚುವ ಕೈಗಳು. ಯುದ್ಧ ಕೈತಪ್ಪುತ್ತಾ ಹೋದ ಹಾಗೆ ಒಂದೊಂದನ್ನೇ ಬಿಟ್ಟರು. ಒಂಟಿಗಾಲು ಹೋಯಿತು, ಕ್ರೋಮ್ ಹೋಯಿತು, ಮುಚ್ಚಳ ಹೋಯಿತು. ಕಡೆಗೆ ಏರಿಸಿ ಇಳಿಸುವ ಸೈಟೂ ಹೋಗಿ, 300 ಮೀಟರಿಗೆ ಕೂರಿಸಿದ ಒಂದು ತೂತು ಮಾತ್ರ ಉಳಿಯಿತು.

ಇದು ಗೊತ್ತಿಲ್ಲದೆ ಜನ ಮಾಡುವ ಅನಾಹುತ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊನೆಗಾಲದ ಕೋವಿಗೆ ಒಂಟಿಗಾಲು, ಮುಚ್ಚಳ ತಂದು ಸಿಕ್ಕಿಸಿ "ಪೂರ್ತಿ ಮಾಡಿದ್ದೇನೆ" ಅನ್ನುತ್ತಾರೆ. ಒರಟು ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿ ಫಳಫಳ ಮಾಡುತ್ತಾರೆ. ಆ ಒರಟುತನವೇ ಅಲ್ವಾ ಆ ಕೋವಿಯ ಚರಿತ್ರೆ? ಉಕ್ಕು, ಸಮಯ, ನುರಿತ ಕೈ ಯಾವುದೂ ಇಲ್ಲದ ದೇಶ ಹೇಗೆ ಕೆಲಸ ಮಾಡಿತು ಅಂತ ಅದು ತೋರಿಸುತ್ತದೆ. ಒಮ್ಮೆ ಉಜ್ಜಿದ ಮೇಲೆ ಅದು ವಾಪಸ್ ಬರುವುದಿಲ್ಲ.

ನನಗೆ ತುಂಬ ಇಷ್ಟವಾದ ಕೋವಿ ಹಿರೋಶಿಮಾದ ಟೋಯೊ ಕೋಗ್ಯೊ ಕಂಪನಿಯದ್ದು. ಇವತ್ತಿನ ಮಜ್ದಾ ಕಾರು ಕಂಪನಿ ಅದೇ. ಅಣುಬಾಂಬ್ ಬಿದ್ದ ಜಾಗದಿಂದ ಕಾರ್ಖಾನೆ ಸುಮಾರು 5 ಕಿಲೋಮೀಟರ್ ದೂರ. ನಡುವೆ ಹಿಜಿಯಾಮಾ ಗುಡ್ಡ ಅಡ್ಡ ಇದ್ದುದರಿಂದ ಕಟ್ಟಡ ಉಳಿಯಿತು. ನಂತರ ಕೆಲವು ಕಾಲ ಅಲ್ಲಿಯ ಪ್ರಾಂತ್ಯ ಸರ್ಕಾರದ ಕಚೇರಿಯೂ ಅದರೊಳಗೇ ನಡೆಯಿತು.

ಆ ಕೋವಿ ನನ್ನ ಕೈಗೆ ಬಂದಾಗ ಮರದ ಮೇಲೆ ಕಂದು ವಾರ್ನಿಷ್ ದಪ್ಪಗೆ ಕೂತಿತ್ತು. ಹಿಂದೆ ಯಾರೋ ಬಳಿದದ್ದು. ಹಿಂಬದಿಯ ಮರ ಅಲ್ಲಾಡುತ್ತಿತ್ತು. ಅರಿಸಾಕದ ಹಿಂಬದಿ ಒಂದೇ ಮರ ಅಲ್ಲ. ಮೇಲೊಂದು, ಕೆಳಗೊಂದು ತುಂಡನ್ನು ಕಚ್ಚು ಹಾಕಿ ಕೂಡಿಸಿರುತ್ತಾರೆ. ನೋಡಿದವರು ಬಿರುಕು ಅಂದುಕೊಳ್ಳುತ್ತಾರೆ. ಚಿಕ್ಕ ಮರ ಸಾಕಾಗುತ್ತದೆ, ಸುಲಭಕ್ಕೆ ಸೀಳುವುದೂ ಇಲ್ಲ, ಜಾಣತನದ ಕೆಲಸ. ವರ್ಷಗಟ್ಟಲೆ ಬಿಸಿ ಅಟ್ಟದ ಮೇಲೆ ಬಿದ್ದಿದ್ದರೆ ಮರ ಒಣಗಿ ಈ ಸಂದು ಸಡಿಲವಾಗುತ್ತದೆ.

ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿಕೊಂಡೆ. ಎಡಗಡೆಯ ತಡೆಯನ್ನು ಹೊರಗೆಳೆದರೆ ಬೋಲ್ಟ್ ಹಿಂದಕ್ಕೆ ಜಾರಿ ಬರುತ್ತದೆ. ಹಿಂತುದಿಯ ಗುಬುಟನ್ನು ಅಂಗೈಯಿಂದ ಒತ್ತಿ ತಿರುಗಿಸಿದರೆ ಅದೂ ಬಿಚ್ಚಿಕೊಳ್ಳುತ್ತದೆ. ಯಾವ ಸಲಕರಣೆಯೂ ಬೇಡ. ಒಳಗೆ ಬೆರಳೆಣಿಕೆಯ ಭಾಗಗಳು ಅಷ್ಟೇ. ಬೋಲ್ಟಿನ ಹಿಡಿಯ ಕೆಳಗೆ ಸೀರಿಯಲ್ ನಂಬರಿನ ಕೊನೆಯ ಮೂರು ಅಂಕಿ ಇರುತ್ತದೆ. ಅದು ಕೋವಿಯ ನಂಬರಿಗೆ ಹೊಂದಬೇಕು. ಎಷ್ಟೋ ಕೋವಿಗಳಲ್ಲಿ ಹೊಂದುವುದಿಲ್ಲ, ನನ್ನದರಲ್ಲಿ ಹೊಂದಿತ್ತು. ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟೆ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸ್ಕ್ರೂ ತಲೆ ಕಿತ್ತುಹೋದರೆ ಅದೂ ಒಂದು ಹೊಸ ಗಾಯ.

ಜಪಾನಿಗಳು ಮರಕ್ಕೆ ಹಚ್ಚುತ್ತಿದ್ದುದು ಉರುಶಿ, ಒಂದು ಮರದ ಸೊನೆಯಿಂದ ಮಾಡುವ ಮೆರುಗು. ನಮ್ಮ ಮಲೆನಾಡಿನ ಹೊಳೆಗೇರಿನ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುತ್ತದಲ್ಲ, ಇದೂ ಅದೇ ಕುಟುಂಬದ ಮರ. ಹಸಿ ಉರುಶಿಗೂ ಅದೇ ಗುಣ. ಒಣಗಿ ಗಟ್ಟಿಯಾದರೆ ಸ್ಪಿರಿಟ್‌ಗೂ ಸುಲಭಕ್ಕೆ ಜಗ್ಗುವುದಿಲ್ಲ. ನನಗೆ ಅದೇ ಅನುಕೂಲವಾಯಿತು. ಮರೆಯಾದ ಒಂದು ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ನೋಡಿದೆ. ಮೇಲಿನ ವಾರ್ನಿಷ್ ಅಂಟಂಟಾಗಿ ಬಂತು. ಅದು ಶೆಲ್ಯಾಕ್, ಅಂದರೆ ನಮ್ಮ ಅರಗು. ಅದರ ಕೆಳಗೆ ಕೆಂಪು ಛಾಯೆಯ ಉರುಶಿ ತೆಳ್ಳಗೆ ಹಾಗೇ ಇತ್ತು. ಒಂದೊಂದು ಅಂಗೈ ಅಗಲವೇ ತೆಗೆಯುತ್ತಾ ಹೋದೆ. ಹತ್ತಿಯಲ್ಲಿ ಕೆಂಪು ಕಂಡ ಕೂಡಲೇ ನಿಲ್ಲಿಸಬೇಕು. ಅರದ ಗೀರುಗಳ ಮೇಲೇ ಉರುಶಿ ಕೂತಿತ್ತು, ಅಂದರೆ ಗೀರು ಕಾರ್ಖಾನೆಯದ್ದು. ಒಂದು ಕಡೆ ಮಾತ್ರ ಬಿಳಿ ಮರ ಕಾಣುವ ಕಚ್ಚು ಇತ್ತು, ಅದು ಆಮೇಲಿನದ್ದು. ಅದನ್ನೂ ತುಂಬಲಿಲ್ಲ, ತೆಳ್ಳಗೆ ಮೇಣ ಹಚ್ಚಿ ಬಿಟ್ಟೆ. ಸಡಿಲವಾದ ಸಂದಿಗೆ ಚರ್ಮದ ಸರೇಸು (ಅಂಟು) ಹಾಕಿ ಬಿಗಿದೆ. ಸರೇಸು ಬಿಸಿ ನೀರಿಗೆ ಬಿಟ್ಟುಕೊಳ್ಳುತ್ತದೆ. ನಾಳೆ ನನಗಿಂತ ಚೆನ್ನಾಗಿ ಬಲ್ಲವರು ಬಂದರೆ ಬಿಚ್ಚಬಹುದು. ಎಪಾಕ್ಸಿ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಲೋಹಕ್ಕೂ ಅದೇ ಮಾತು. ಎಮರಿ ಕಾಗದ ಬೇಡವೇ ಬೇಡ. ಎಣ್ಣೆ ಹಚ್ಚಿ, ಕಂಚಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಮೇಲಿನ ತುಕ್ಕು ಎದ್ದು ಬರುತ್ತದೆ, ಕೆಳಗಿನ ಕಪ್ಪು ಉಳಿಯುತ್ತದೆ. ನಳಿಗೆಯನ್ನು ಮರಕ್ಕೆ ಬಿಗಿಯುವ ಪಟ್ಟಿ, ಮ್ಯಾಗಜಿನ್ ತಳದ ತಟ್ಟೆಯಂಥ ಚಿಕ್ಕ ಭಾಗಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿದೆ. ಕುದಿಯುವಾಗ ಕೆಂಪು ತುಕ್ಕು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಹೊರಗೆ ತೆಗೆದು, ಮೇಲಿನ ಸಡಿಲ ಕಪ್ಪು ಪುಡಿಯನ್ನು ಉಜ್ಜಿ, ಬಿಸಿ ಇರುವಾಗಲೇ ಎಣ್ಣೆ ಹಾಕಿದರೆ ತುಕ್ಕು ಅಲ್ಲಿಗೇ ನಿಲ್ಲುತ್ತದೆ.

ಸೇವಂತಿಗೆ ಮುದ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಮೇಲೆ 16 ಎಸಳಿನ ಹೂವು, ಚಕ್ರವರ್ತಿಯ ಗುರುತು. ಶರಣಾದ ಮೇಲೆ ಒಪ್ಪಿಸಿದ ಬಹಳಷ್ಟು ಕೋವಿಗಳಲ್ಲಿ ಅದನ್ನು ಉಜ್ಜಿ ಅಳಿಸಿರುತ್ತಾರೆ. ಯುದ್ಧಭೂಮಿಯಲ್ಲಿ ಸಿಕ್ಕಿದವುಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ, ಅದಕ್ಕೆ ಬೆಲೆಯೂ ಜಾಸ್ತಿ. ಬೆಲೆಗೋಸ್ಕರ ಹೊಸದಾಗಿ ಹೂವು ಕೆತ್ತಿಸುವವರಿದ್ದಾರೆ. ನನ್ನ ಪ್ರಕಾರ ಅದು ಸುಳ್ಳು ಸಾಕ್ಷಿ. ಅಳಿಸಿದ್ದೂ ಆ ಕೋವಿಯ ಬದುಕಿನಲ್ಲಿ ನಡೆದ ಘಟನೆಯೇ.

ಇನ್ನೊಂದು ಗಾಯ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಅಮೆರಿಕದ ಸೈನಿಕರು ಕೋವಿಯನ್ನು ಊರಿಗೆ ತರುವಾಗ ಚೀಲದಲ್ಲಿ ಹಿಡಿಸಲಿ ಅಂತ ಮರವನ್ನು ನಳಿಗೆಯ ಪಟ್ಟಿಯ ಅಡಿಯಲ್ಲಿ ಗರಗಸದಿಂದ ಕೊಯ್ದುಬಿಡುತ್ತಿದ್ದರು. ಪಟ್ಟಿ ಹಾಕಿದರೆ ಕೊಯ್ದದ್ದು ಕಾಣುವುದಿಲ್ಲ. ಇದು ಕಾರ್ಖಾನೆಯದ್ದಲ್ಲ ನಿಜ. ಹಾಗಂತ ಅಜಾಗರೂಕತೆಯೂ ಅಲ್ಲ, ಒಬ್ಬ ಸೈನಿಕ ಮನೆಗೆ ಹೋದ ಗುರುತು. ಅಲ್ಲಾಡದ ಹಾಗೆ ಸರೇಸಿನಲ್ಲಿ ಕೂಡಿಸುತ್ತೇನೆ, ಗೆರೆಯನ್ನು ಮುಚ್ಚುವುದಿಲ್ಲ.

ಗುಂಡು ಹಾರಿಸುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಾಲೆಗಳ ತರಬೇತಿಗೆ ಮಾಡಿದ ಕೋವಿಗಳು ನೋಡಲು ಥೇಟ್ ಅಸಲಿಯ ಹಾಗೇ ಇರುತ್ತವೆ. ಅವು ಎರಕದ ಕಬ್ಬಿಣ, ಒಳಗೆ ನಯವಾದ ನಳಿಗೆ, ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಖಾಲಿ ತೋಟಾಗೆ ಮಾತ್ರ. ನಿಜವಾದ ಗುಂಡು ಹಾಕಿದರೆ ಮುಖಕ್ಕೇ ಸಿಡಿಯಬಹುದು. ಯುದ್ಧದ ನಂತರ ಕೆಲವರು 7.7ರ ಚೇಂಬರನ್ನು ಅಮೆರಿಕದ .30-06 ತೋಟಾಗೆ ಕೊರೆಸಿದ್ದೂ ಉಂಟು. ಹೊರಗಿನಿಂದ ತಿಳಿಯುವುದಿಲ್ಲ. ಹಾಗಾಗಿ ಬಂದೂಕು ರಿಪೇರಿ ಬಲ್ಲವರು ಚೇಂಬರಿನ ಅಳತೆ ತೆಗೆಯದೆ ನಾನು ಯಾವುದನ್ನೂ ರೇಂಜಿಗೆ ಒಯ್ಯುವುದಿಲ್ಲ. ಕೊನೆಗಾಲದವನ್ನಂತೂ ಹಾರಿಸುವುದೇ ಇಲ್ಲ.

ಪ್ರತಿ ಕೋವಿಯ ಜೊತೆ ಒಂದು ಹಾಳೆ ಇಡುತ್ತೇನೆ. ಬಂದಾಗ ಹೇಗಿತ್ತು, ಏನು ತೆಗೆದೆ, ಏನು ಹಚ್ಚಿದೆ, ಯಾವ ಭಾಗ ಹೊಸದು, ಎಲ್ಲ ಬರೆದು ಫೋಟೋ ಅಂಟಿಸುತ್ತೇನೆ. ಮಾರಿದರೆ ಹಾಳೆಯೂ ಜೊತೆಗೇ ಹೋಗಬೇಕು. ಈಗ ಮೇಜಿನ ಮೇಲೆ ಇರುವುದು ಅಶ್ವದಳದ ಟೈಪ್ 44 ಕಾರ್ಬೈನ್, ಮಡಚುವ ಬಯೊನೆಟ್ ಇರುವಂಥದ್ದು. ಬಯೊನೆಟ್ಟಿನ ಕೀಲು ತುಕ್ಕಿಗೆ ಕಚ್ಚಿಕೊಂಡಿದೆ. ಬಡಿಯುವ ಆತುರ ನನಗಿಲ್ಲ. ಎಣ್ಣೆ ಬಿಡುತ್ತಾ ಹೋಗುತ್ತಿದ್ದೇನೆ, ಇವತ್ತು ಒಂದು ಕೂದಲೆಳೆಯಷ್ಟು ಅಲ್ಲಾಡಿತು.