ತೋಟದವರೂ ಕೂಲಿಯವರೂ ಒಂದೇ ಸೊಸೈಟಿಯಲ್ಲಿ: ನನ್ನ ಅನುಭವ

ಕಾಫಿ ತೋಟ ಇರುವವರನ್ನೂ ಕೂಲಿಗೆ ಬರುವವರನ್ನೂ ಒಂದೇ ಸಹಕಾರ ಸೊಸೈಟಿಗೆ ಸೇರಿಸಿದರೆ ಒಂದು ಕೊಯ್ಲೂ ದಾಟಲ್ಲ ಅಂತ ಸಕಲೇಶಪುರದಲ್ಲಿ ನನಗೆ ಹೇಳದವರು ಕಡಿಮೆ. ನಮ್ಮದು ಎಂಟೊಂಬತ್ತು ಕೊಯ್ಲು ದಾಟಿದೆ. ಕಳೆದ ಸಾಮಾನ್ಯ ಸಭೆಯಲ್ಲಿ ಲಾಭ ಹಂಚಿದಾಗ ಒಬ್ಬರೂ ದನಿ ಏರಿಸಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ನೋಂದಣಿ, ಬೈಲಾ, ಆಡಿಟ್ ನಿಮಗೆ ಗೊತ್ತಿರುವುದೇ. ನಾವು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ಹೋದೆವು, ಅಷ್ಟು ಸಾಕು.

ಐಡಿಯಾ ಬಂದಿದ್ದು ನಮ್ಮ ಚರ್ಚಿನ ಹಿರಿಯ ಫಾದರ್ ಒಬ್ಬರಿಂದ. ಅವರು ಉಪದೇಶ ಮಾಡಲಿಲ್ಲ, ಕೆನಡಾದ ಮೀನುಗಾರರ ವಿಷಯ ಹೇಳಿದರು. ನೋವಾ ಸ್ಕೋಶಿಯಾದ ಆಂಟಿಗೊನಿಶ್‌ನಲ್ಲಿ 1928ರಲ್ಲಿ ವಿಶ್ವವಿದ್ಯಾಲಯವೊಂದು ವಿಸ್ತರಣಾ ವಿಭಾಗ ತೆರೆಯಿತು, ಫಾದರ್ ಮೋಸೆಸ್ ಕೋಡಿ ಅದರ ಮುಖ್ಯಸ್ಥರು. ಮೊದಲು ಸಂಘ ಕಟ್ಟಲಿಲ್ಲ, ದುಡ್ಡು ಎತ್ತಲಿಲ್ಲ. ಹತ್ತಿಪ್ಪತ್ತು ಜನ ಯಾರದೋ ಅಡುಗೆಮನೆಯಲ್ಲಿ ಕೂತು, ತಮ್ಮ ಕಷ್ಟ ಏನು, ದುಡ್ಡು ಎಲ್ಲಿ ಸೋರುತ್ತಿದೆ ಅಂತ ಓದಿದರು, ಮಾತಾಡಿದರು. ಸಾಲ ಸಂಘ, ಲಾಬ್‌ಸ್ಟರ್ ಡಬ್ಬಿ ಮಾಡುವ ಕೆಲಸ ಎಲ್ಲ ಆಮೇಲೆ. ಸ್ಪೇನಿನ ಮೊಂಡ್ರಾಗನ್‌ನಲ್ಲೂ ಹಾಗೇ. ಫಾದರ್ ಅರಿಸ್ಮೆಂಡಿಯರಿಯೆಟಾ ಅಲ್ಲಿಗೆ ಬಂದಿದ್ದು 1941ರಲ್ಲಿ, ಶಾಲೆ ಶುರು ಮಾಡಿದ್ದು 1943ರಲ್ಲಿ, ಅವರ ಶಿಷ್ಯರ ಮೊದಲ ಕಾರ್ಖಾನೆ 1956ರಲ್ಲಿ. ನಾವು ಮೊದಲ ದಿನವೇ ಷೇರು ರಸೀದಿ ಪುಸ್ತಕ ಹಿಡಿದು ಹೊರಡುತ್ತೇವೆ, ಅಲ್ವಾ?

ನಾವು ಒಂದು ಇಡೀ ಮಳೆಗಾಲ ಬರೀ ಕೂತೆವು. ವಾರಕ್ಕೊಂದು ಮನೆ, ಒಮ್ಮೆ ತೋಟದವರದ್ದು, ಒಮ್ಮೆ ಕೂಲಿಯವರು ಸಾಲಾಗಿ ಇರುವ ಲೈನ್ ಮನೆ. ಕಾಫಿ ಒಂದೇ ಖರ್ಚು. ಕೂತು ಮಾಡಿದ್ದು ಒಂದೇ ಲೆಕ್ಕ: ಓಟಿ (ಔಟ್‌ಟರ್ನ್). ಅಂದರೆ 50 ಕೆಜಿ ಚೀಲ ಚೆರಿಯಲ್ಲಿ, ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಲ್ಲಿ, ಎಷ್ಟು ಕೆಜಿ ಬೀಜ ಇದೆ ಅನ್ನುವುದು. ಸಣ್ಣ ಬೆಳೆಗಾರರು ರೊಬಸ್ಟಾ ಜಾತಿಯ ಚೆರಿಯನ್ನು ಚೀಲದ ಲೆಕ್ಕದಲ್ಲಿ ಕೊಟ್ಟು ಬರುತ್ತಾರೆ. ವ್ಯಾಪಾರಿ ಕಣ್ಣಂದಾಜಲ್ಲಿ 26 ಅನ್ನುತ್ತಾನೆ, ಕೊಯ್ಲಿಗೆ ಮುಂಚೆ ಅಡ್ವಾನ್ಸ್ ತಗೊಂಡಿದ್ದರಿಂದ ನಾವು ಹೂಂ ಅನ್ನುತ್ತೇವೆ. ಒಂದು ಸಂಜೆ ತಕ್ಕಡಿ ಇಟ್ಟು, ಒಂದು ಕೆಜಿ ಚೆರಿ ಕುಟ್ಟಿಸಿ, ಸಿಪ್ಪೆ ಕೇರಿ ತೂಗಿದೆವು. ಬೀಜ 565 ಗ್ರಾಂ ಹತ್ತಿರ ಬಂತು. ಅಂದರೆ 50 ಕೆಜಿ ಚೀಲಕ್ಕೆ 28ರ ಮೇಲೆ. ಮನೆಯವರು ಸುಮ್ನೆ ತಕ್ಕಡಿ ನೋಡುತ್ತಾ ಕೂತರು. ಈಚಿನ ಒಳ್ಳೆ ರೇಟಿನಲ್ಲಿ ಎರಡು ಪಾಯಿಂಟ್ ಅಂದರೆ ಚೀಲಕ್ಕೆ ಆರೇಳುನೂರು ರೂಪಾಯಿ. ನಲವತ್ತು ಚೀಲದವನಿಗೆ ಇಪ್ಪತ್ತೈದು ಸಾವಿರದ ಮೇಲೆ. ಮಾರನೇ ವಾರದಿಂದ ಯಾರನ್ನೂ ಕರೆಯಬೇಕಾಗಿ ಬರಲಿಲ್ಲ.

ಕೂಲಿಯವರು ಯಾಕೆ ಸದಸ್ಯರು? ಓಟಿ ಕೂಡಿಬರುವುದು ಅವರ ಕೈಯಲ್ಲೇ. ಕೆಜಿ ಲೆಕ್ಕದಲ್ಲಿ ಕೊಯ್ಯುವಾಗ ಹಸಿರು, ಹಣ್ಣು ಎಲ್ಲ ಸವರಿ ಹಾಕುತ್ತಾರೆ, ಅವರದ್ದೇನು ತಪ್ಪು? ಹಣ್ಣನ್ನೇ ಆರಿಸಿದರೆ ಅವರಿಗೆ ದಿನದ ಕೂಲಿ ಕಡಿಮೆಯಾಗುತ್ತದೆ, ಲಾಭ ಪೂರ್ತಿ ತೋಟದವನಿಗೆ. ಬಂಡವಾಳಕ್ಕಿಂತ ದುಡಿಮೆ ಮೊದಲು ಅಂತ ಪೋಪ್ ಎರಡನೇ ಜಾನ್ ಪಾಲ್ 1981ರ ಪತ್ರದಲ್ಲಿ ಬರೆದಿದ್ದನ್ನು ಫಾದರ್ ಓದಿ ಹೇಳಿದಾಗ ತೋಟದವರಲ್ಲಿ ಕೆಲವರು ಎದ್ದು ಹೋದರು. ನಾನು ಅದನ್ನೇ ಲೆಕ್ಕದಲ್ಲಿ ತೋರಿಸಿದೆ. ಕೊಯ್ಲಿನ ತಂಡ ಸೊಸೈಟಿಯದ್ದು, ಸದಸ್ಯರ ತೋಟಕ್ಕೆ ಪಾಳಿ ಮೇಲೆ ಹೋಗುತ್ತದೆ. ವರ್ಷದ ಕೊನೆಗೆ ಲಾಭದಲ್ಲಿ ಒಂದು ಪಾಲು ತೋಟದವರು ಕೊಟ್ಟ ಚೀಲದ ಮೇಲೆ, ಇನ್ನೊಂದು ಪಾಲು ಕೂಲಿಯವರ ಹಾಜರಿ ಮೇಲೆ. ವೋಟು ಎಲ್ಲರಿಗೂ ಒಂದೇ. ಸಾವಿರ ರೂಪಾಯಿ ಷೇರನ್ನು ಕೂಲಿಯವರು ಕಂತಿನಲ್ಲಿ ಕಟ್ಟಿದರು. ಆಳು ಸಿಗದೆ ಒದ್ದಾಡುತ್ತಿದ್ದ ತೋಟದವರು ಎರಡನೇ ಕೊಯ್ಲಿಗೆ ತಾವಾಗಿಯೇ ಬಂದರು, ಎದ್ದು ಹೋದವರೂ ಸೇರಿ.

ದುಡ್ಡಿನ ಪೆಟ್ಟೂ ಬಿತ್ತು. ಒಂದು ವರ್ಷ ಜನವರಿಯಲ್ಲಿ ಮಳೆ ಹುಯ್ದು ಕಣದಲ್ಲಿದ್ದ ಚೆರಿ ಕಪ್ಪಾಯಿತು, ಓಟಿ 24ಕ್ಕೆ ಇಳಿಯಿತು. ನಾವು ಅಷ್ಟೊತ್ತಿಗೆ ಸದಸ್ಯರಿಗೆ ಮುಕ್ಕಾಲು ದುಡ್ಡು ಕೊಟ್ಟಾಗಿತ್ತು. ಅದೇ ವರ್ಷ ನಮ್ಮಿಂದ ಕಾಫಿ ಲೋಡು ತಗೊಂಡ ವ್ಯಾಪಾರಿಯೊಬ್ಬರು ದುಡ್ಡಿಗೆ ತಿಂಗಳುಗಟ್ಟಲೆ ಸತಾಯಿಸಿದರು. ಸುಮಾರು ಮೂರು ಲಕ್ಷ ಹೊಡೆತ. ನಮ್ಮಿಂದ ಸಾಲ ತಗೊಂಡು ಫಸಲನ್ನು ಹೊರಗೆ ಮಾರಿದವರೂ ಇದ್ದರು. ಆಗ ಕೈಹಿಡಿದದ್ದು ಮೊಂಡ್ರಾಗನ್ ಪದ್ಧತಿ. ಅಲ್ಲಿ ಲಾಭದ ಪಾಲನ್ನು ಕೈಗೆ ಕೊಡುವ ಬದಲು ಸದಸ್ಯರ ಹೆಸರಿನ ಬಂಡವಾಳ ಖಾತೆಗೆ ಹಾಕುತ್ತಾರೆ, ಬಿಟ್ಟು ಹೋಗುವಾಗ ಸಿಗುತ್ತದೆ. ನಾವು ಅರ್ಧ ನಗದು, ಅರ್ಧ ಖಾತೆಗೆ ಮಾಡಿದೆವು. ಈಗ ಕೊಯ್ಲಿನ ಖರ್ಚಿಗೆ ಹೊರಗಿನ ಅಡ್ವಾನ್ಸ್ ಬೇಕಾಗಿಲ್ಲ. ತನ್ನ ಹೆಸರಲ್ಲಿ ದುಡ್ಡು ಕೂತಿರುವಾಗ ಫಸಲನ್ನು ಕದ್ದು ಮಾರುವವರೂ ಇಲ್ಲ.

ಸಂಘ ದೊಡ್ಡದಾದ ಮೇಲೆ ಎಲ್ಲ ಆಫೀಸಿನಿಂದಲೇ ನಡೆಸಿ ಅನ್ನುವ ಒತ್ತಾಯ ಬಂತು. ನಾನು ಒಪ್ಪಲಿಲ್ಲ. ಚಿಕ್ಕ ಗುಂಪು ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳಬಾರದು ಅಂತ 1931ರಲ್ಲೇ ಪೋಪ್ ಹನ್ನೊಂದನೇ ಪಯಸ್ ಬರೆದಿದ್ದಾರೆ. ಒಣಗಿಸುವುದು, ಪಾಳಿ ಹಾಕುವುದು, ಜಗಳ ಬಗೆಹರಿಸುವುದು ಆಯಾ ಊರಿನ ಗುಂಪಿಗೆ ಬಿಟ್ಟಿದ್ದೇವೆ. ಮಾರಾಟ, ಸಾಲ ಮಾತ್ರ ಆಫೀಸಿಗೆ. ಯಾವ ಕಣದ ಚೆರಿಯನ್ನು ಯಾವುದರ ಜೊತೆ ಸೇರಿಸಿ ಲಾಟ್ ಕಟ್ಟುತ್ತೇವೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದು ನಮ್ಮ ಅನ್ನ.

ಇದು ಚರ್ಚಿನವರ ಸೊಸೈಟಿ ಅಂತ ಕೆಲವರು ಹಬ್ಬಿಸಿದ್ದುಂಟು. ಚರ್ಚಿಗೆ ಹೋಗುವವರು ನಮ್ಮಲ್ಲಿ ಕಾಲು ಭಾಗವೂ ಇಲ್ಲ. ಒಕ್ಕಲಿಗರು, ಲಿಂಗಾಯತರು, ತಮಿಳು ಮಾತಾಡುವ ಲೈನ್ ಮನೆಯವರು, ಬ್ಯಾರಿಗಳು ಎಲ್ಲ ಇದ್ದಾರೆ. ಸಹಕಾರ ನಮಗೆ ಹೊರಗಿನದ್ದೂ ಅಲ್ಲ, ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಕಟ್ಟಿದ ನಾಡು ಇದು. ರಾಂಚಿ ಕಡೆ 1909ರಲ್ಲಿ ಫಾದರ್ ಹಾಫ್‌ಮನ್ ಆದಿವಾಸಿಗಳನ್ನು ಬಡ್ಡಿಯವರಿಂದ ಬಿಡಿಸಲು ಹಿಡಿದ ದಾರಿಯೂ ಇದೇ.

ನಡುವೆ ಕಾಫಿ ಹಣ್ಣಿನ ಸಿಪ್ಪೆ ಒಣಗಿಸಿ ಟೀ ತರಹ ಮಾರಲು ನೋಡಿದೆವು. ರುಚಿ ಚೆನ್ನಾಗಿತ್ತು, ಗಿರಾಕಿ ಬರಲಿಲ್ಲ. ಹರಿಯುವ ನೀರಲ್ಲಿ ನೆನೆಸಿ ಬಿಳಿ ಮೆಣಸು ಮಾಡಿದ್ದು ಮಾತ್ರ ಗೆದ್ದಿತು, ಕರಿಮೆಣಸಿಗಿಂತ ರೇಟು ಜಾಸ್ತಿ ಸಿಕ್ಕಿತು. ಈ ಸಲ ಕರಿಮೆಣಸನ್ನೂ ಲೀಟರ್ ತೂಕ (ಒಂದು ಲೀಟರ್ ಅಳತೆ ಮೆಣಸಿನ ತೂಕ) ನೋಡಿ ಬೇರೆ ಬೇರೆ ಚೀಲ ಮಾಡುತ್ತಿದ್ದೇವೆ, 550 ಗ್ರಾಂ ದಾಟಿದ್ದು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಮೆಣಸು ಕೊಯ್ಯಲು ಏಣಿ ಹತ್ತುವವರ ಹಾಜರಿಗೆ ಒಂದೂವರೆ ಪಟ್ಟು ಹಾಕಬೇಕು ಅನ್ನುವುದು ಮುಂದಿನ ಸಭೆಯಲ್ಲಿ ವೋಟಿಗೆ ಬರುತ್ತದೆ. ನನ್ನ ವೋಟು ಅದರ ಪರವಾಗಿಯೇ.