ಎಕ್ಸ್‌-ರೇ ಟ್ಯೂಬಿನೊಳಗೆ ತಿರುಗುವ ತಟ್ಟೆ: ಆನೋಡ್ ಹೇಗೆ ಕೆಲಸ ಮಾಡುತ್ತದೆ?

ಎಕ್ಸ್‌-ರೇ ಕೋಣೆಯ ಮೇಜಿನ ಮೇಲೆ ಮಲಗಿದವರಿಗೆ, ತಂತ್ರಜ್ಞರು ‘ಉಸಿರು ಹಿಡಿದುಕೊಳ್ಳಿ’ ಎನ್ನುವ ಹೊತ್ತಿಗೆ, ಮೇಲಿನ ಯಂತ್ರದಿಂದ ಸಣ್ಣಗೆ ಏರುವ ‘ಗುಂಯ್’ ಎಂಬ ಸದ್ದು ಕೇಳಿಸುತ್ತದೆ. ಎಕ್ಸ್‌-ಕಿರಣಕ್ಕೆ ಸದ್ದಿಲ್ಲ, ಟ್ಯೂಬಿನೊಳಗಿನ ಆನೋಡ್, ಅಂದರೆ ಧನಾಗ್ರ, ವೇಗವಾಗಿ ತಿರುಗಲು ಆರಂಭಿಸಿದಾಗ ಬರುವ ಸದ್ದು ಅದು. ಕಿರಣ ಹೊರಡುವುದು ಅಲ್ಲಿಂದಲೇ. ಆದರೆ ಈ ಬಿಡಿಭಾಗದ ಲೋಹ, ಆಕಾರ, ಇಳಿಜಾರು, ತಿರುಗುವಿಕೆ ಇವೆಲ್ಲವೂ ಏಕೆ ಹೀಗಿವೆ ಎಂದು ತಿಳಿಯಬೇಕಾದರೆ, ಕಿರಣಕ್ಕಿಂತ ಹೆಚ್ಚಾಗಿ ಶಾಖದ ಲೆಕ್ಕವನ್ನು ಗಮನಿಸಬೇಕು. ಸೊಂಟದ ಬೆನ್ನುಮೂಳೆಯ ಒಂದು ಚಿತ್ರ ತೆಗೆಯುವಾಗ ನಡೆಯುವುದನ್ನು ಅನುಕ್ರಮವಾಗಿ ನೋಡೋಣ.

ಚಿತ್ರ ತೆಗೆಯುವ ಗುಂಡಿಗೆ ಎರಡು ಹಂತಗಳಿವೆ. ಅರ್ಧ ಒತ್ತಿದಾಗ ಎರಡು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ: ಕ್ಯಾಥೋಡಿನ, ಅಂದರೆ ಋಣಾಗ್ರದ, ಟಂಗ್‌ಸ್ಟನ್ ತಂತು ಬಿಳಿಯಾಗಿ ಕಾದು ಎಲೆಕ್ಟ್ರಾನುಗಳನ್ನು ಹೊರಬಿಡತೊಡಗುತ್ತದೆ, ಎದುರಿಗಿರುವ ಆನೋಡ್ ತಟ್ಟೆ ವೇಗ ಹಿಡಿಯುತ್ತದೆ. ಟ್ಯೂಬಿನ ಒಳಗೆ ನಿರ್ವಾತವಿರುವುದರಿಂದ ಹೊರಗಿನಿಂದ ದಂಡವೊಂದನ್ನು ತೂರಿಸಿ ತಟ್ಟೆಯನ್ನು ತಿರುಗಿಸಲು ಬರುವುದಿಲ್ಲ. ಆದ್ದರಿಂದ ಇಂಡಕ್ಷನ್ ಮೋಟರನ್ನೇ ಎರಡಾಗಿ ಹಂಚಲಾಗಿದೆ. ಅದರ ನಿಂತ ಭಾಗವಾದ ಸ್ಟೇಟರಿನ ಸುರುಳಿಗಳು ಟ್ಯೂಬಿನ ಹೊರಗೆ, ತಟ್ಟೆಗೆ ಜೋಡಿಸಿದ ತಿರುಗುವ ಭಾಗವಾದ ರೋಟರ್ ಒಳಗೆ. ಗೋಡೆಯನ್ನು ದಾಟಿ ಹೋಗುವ ಕಾಂತಕ್ಷೇತ್ರವೇ ರೋಟರನ್ನು ತಿರುಗಿಸುತ್ತದೆ. ಸಾಮಾನ್ಯ ಟ್ಯೂಬುಗಳಲ್ಲಿ ಈ ವೇಗ ನಿಮಿಷಕ್ಕೆ ಸುಮಾರು 3,000 ಸುತ್ತು, ಹೆಚ್ಚು ಸಾಮರ್ಥ್ಯದವುಗಳಲ್ಲಿ 9,000ದಿಂದ 10,000 ಸುತ್ತು. ತಟ್ಟೆಗೆ ಈ ವೇಗ ಬರುವವರೆಗೆ, ಒಂದೆರಡು ಸೆಕೆಂಡು, ಯಂತ್ರ ಕಿರಣವನ್ನು ಬಿಡುವುದಿಲ್ಲ.

ಗುಂಡಿಯನ್ನು ಪೂರ್ತಿ ಒತ್ತಿದಾಗ ಕ್ಯಾಥೋಡ್ ಮತ್ತು ಆನೋಡುಗಳ ನಡುವೆ ಹೆಚ್ಚಿನ ವಿದ್ಯುತ್ ಒತ್ತಡ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 80 ಕಿಲೋವೋಲ್ಟ್ ಎಂದುಕೊಳ್ಳೋಣ. ತಂತುವಿನ ಸುತ್ತ ನೆರೆದಿದ್ದ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧದಷ್ಟು ವೇಗದಲ್ಲಿ ಬಂದು ಆನೋಡಿಗೆ ಬಡಿದು, ಮೇಲ್ಮೈಯಿಂದ ಕೆಲವೇ ಮೈಕ್ರಾನುಗಳ ಆಳದಲ್ಲಿ ನಿಂತುಹೋಗುತ್ತವೆ. ಹೀಗೆ ನಿಲ್ಲುವಾಗ ಎರಡು ಬಗೆಯಲ್ಲಿ ಎಕ್ಸ್‌-ಕಿರಣ ಹುಟ್ಟುತ್ತದೆ. ಟಂಗ್‌ಸ್ಟನ್ ಪರಮಾಣುವಿನ ಬೀಜಕೇಂದ್ರದ ಹತ್ತಿರ ಹಾದುಹೋಗುವ ಎಲೆಕ್ಟ್ರಾನ್ ದಾರಿ ಬಾಗಿ, ವೇಗ ಕುಂದಿ, ಕಳೆದುಕೊಂಡ ಶಕ್ತಿಯನ್ನು ಕಿರಣವಾಗಿ ಬಿಡುತ್ತದೆ. ವೈದ್ಯಕೀಯ ಚಿತ್ರಗಳಲ್ಲಿ ಬಳಕೆಯಾಗುವ ಕಿರಣದ ಬಹುಪಾಲು ಇದೇ. ಇನ್ನು ಕೆಲವು ಎಲೆಕ್ಟ್ರಾನುಗಳು ಪರಮಾಣುವಿನ ತೀರಾ ಒಳಗಿನ ಕವಚದಿಂದ ಒಂದು ಎಲೆಕ್ಟ್ರಾನನ್ನು ಹೊರದೂಡುತ್ತವೆ, ಆ ತೆರವನ್ನು ಮೇಲಿನ ಕವಚದ ಎಲೆಕ್ಟ್ರಾನ್ ತುಂಬುವಾಗ ಟಂಗ್‌ಸ್ಟನ್ನಿಗೇ ವಿಶಿಷ್ಟವಾದ ಶಕ್ತಿಯ ಕಿರಣ ಹೊಮ್ಮುತ್ತದೆ. ಒಳಕವಚದ ಎಲೆಕ್ಟ್ರಾನನ್ನು ಕೀಳಲು 69.5 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. 60 ಕಿಲೋವೋಲ್ಟಿನಲ್ಲಿ ಒಂದು ಎಲೆಕ್ಟ್ರಾನಿಗೆ ಸಿಗುವುದು 60 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಹಾಗಾಗಿ ಆ ಒತ್ತಡದಲ್ಲಿ ಕೈಯ ಚಿತ್ರ ತೆಗೆಯುವಾಗ ಈ ಎರಡನೆಯ ಬಗೆಯ ಕಿರಣ ಇರುವುದೇ ಇಲ್ಲ.

ಇವೆರಡೂ ಸೇರಿದರೂ ಬಂದ ಶಕ್ತಿಯಲ್ಲಿ ಎಕ್ಸ್‌-ಕಿರಣವಾಗುವುದು ಸುಮಾರು ಶೇ 1 ಮಾತ್ರ. ಉಳಿದ ಶೇ 99 ಶಾಖ. 80 ಕಿಲೋವೋಲ್ಟ್, 400 ಮಿಲಿಆಂಪಿಯರ್ ಎಂದರೆ 32 ಕಿಲೋವ್ಯಾಟ್. ಸಾವಿರ ವ್ಯಾಟಿನ ಮೂವತ್ತೆರಡು ಇಸ್ತ್ರಿಪೆಟ್ಟಿಗೆಗಳ ಶಾಖ ಒಂದು ಭತ್ತದ ಕಾಳಿಗಿಂತಲೂ ಚಿಕ್ಕ ಜಾಗದ ಮೇಲೆ ಬಿದ್ದಂತೆ. ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೇ ಕಾಲ ಬಿದ್ದರೂ, ತಟ್ಟೆ ತಿರುಗದೆ ನಿಂತಿದ್ದರೆ ಆ ಬಿಂದು ಕರಗಿಹೋಗುತ್ತದೆ.

ಶಾಖವನ್ನು ತಾಳಿಕೊಳ್ಳುವ ಮೊದಲ ಉಪಾಯವೇ ಲೋಹದ ಆಯ್ಕೆ. ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಅದರ ಪರಮಾಣು ಸಂಖ್ಯೆ 74 ಆಗಿರುವುದರಿಂದ ಹಗುರ ಲೋಹಗಳಿಗಿಂತ ಹೆಚ್ಚು ಕಿರಣವನ್ನೂ ಕೊಡುತ್ತದೆ. 1913ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ ಕಾದ ತಂತುವಿನ ಟ್ಯೂಬನ್ನು ರೂಪಿಸಿದಾಗ ಆನೋಡಿಗೂ ಇದೇ ಲೋಹವನ್ನು ಬಳಸಿದರು. ಇಂದಿನ ತಟ್ಟೆಗಳಲ್ಲಿ ಎಲೆಕ್ಟ್ರಾನ್ ಬಡಿಯುವ ಪಟ್ಟಿಯ ಟಂಗ್‌ಸ್ಟನ್ನಿಗೆ ಸ್ವಲ್ಪ ರೀನಿಯಮ್ ಬೆರೆಸಿ ಮೇಲ್ಮೈ ಬಿರುಕು ಬಿಡುವುದನ್ನು ತಗ್ಗಿಸುತ್ತಾರೆ. ಪಟ್ಟಿಯ ಕೆಳಗಿನ ಒಡಲು ಮಾಲಿಬ್ಡಿನಮ್ಮಿನದು. ದೊಡ್ಡ ಟ್ಯೂಬುಗಳಲ್ಲಿ ಅದರ ಹಿಂದೆ ಗ್ರಾಫೈಟಿನ ಪದರವೂ ಇರುತ್ತದೆ. ಇವು ಟಂಗ್‌ಸ್ಟನ್ನಿಗಿಂತ ಹಗುರ, ಶಾಖವನ್ನು ಹಿಡಿದಿಟ್ಟುಕೊಳ್ಳಲೂ ಅನುಕೂಲ.

ಎರಡನೆಯದು ಇಳಿಜಾರು. ನನ್ನ ದೃಷ್ಟಿಯಲ್ಲಿ ಇಡೀ ಯಂತ್ರದ ಅತ್ಯಂತ ಜಾಣ ಉಪಾಯ ಇದು. ಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ ಕಿರಣ ಹೊರಡುವ ಜಾಗ, ಅಂದರೆ ಫೋಕಲ್ ಸ್ಪಾಟ್, ಚಿಕ್ಕದಾಗಿರಬೇಕು. ಆನೋಡ್ ಸುಡದಿರಬೇಕಾದರೆ ಅದೇ ಜಾಗ ದೊಡ್ಡದಾಗಿರಬೇಕು. ತಟ್ಟೆಯ ಅಂಚನ್ನು ಸುಮಾರು 12 ಡಿಗ್ರಿ ಓರೆಯಾಗಿ ಕಡೆದರೆ ಎರಡೂ ಸಾಧ್ಯವಾಗುತ್ತವೆ. ಎಲೆಕ್ಟ್ರಾನುಗಳು ಸುಮಾರು 5.8 ಮಿಲಿಮೀಟರ್ ಉದ್ದ, 1.2 ಮಿಲಿಮೀಟರ್ ಅಗಲದ ಪಟ್ಟಿಯ ಮೇಲೆ ಬೀಳುತ್ತವೆ, ಆದರೆ ರೋಗಿ ಇರುವ ದಿಕ್ಕಿನಿಂದ ನೋಡಿದಾಗ ಆ ಉದ್ದ ಓರೆಯಲ್ಲಿ ಕುಗ್ಗಿ 1.2 ಮಿಲಿಮೀಟರ್ ಚೌಕವಾಗಿ ಕಾಣುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಲೋಹದ ಒಳಗೆ ಹುಟ್ಟಿ ಆನೋಡಿನ ಬದಿಗೆ ಹೊರಡುವ ಕಿರಣ ಹೆಚ್ಚು ಲೋಹವನ್ನು ದಾಟಬೇಕಾಗುವುದರಿಂದ ಆ ಬದಿಯಲ್ಲಿ ಕಿರಣ ದುರ್ಬಲವಾಗುತ್ತದೆ. ಇದಕ್ಕೆ ಹೀಲ್ ಎಫೆಕ್ಟ್ ಎಂದು ಹೆಸರು. ತೊಡೆಯ ಚಿತ್ರ ತೆಗೆಯುವಾಗ ಅನುಭವಿ ತಂತ್ರಜ್ಞರು ದಪ್ಪಗಿರುವ ಸೊಂಟದ ಬದಿಯನ್ನು ಕ್ಯಾಥೋಡಿನ ಕಡೆಗೂ ತೆಳ್ಳಗಿರುವ ಮಂಡಿಯ ಬದಿಯನ್ನು ಆನೋಡಿನ ಕಡೆಗೂ ಇರಿಸಿ, ಈ ದೋಷವನ್ನೇ ಉಪಯೋಗಕ್ಕೆ ತಂದುಕೊಳ್ಳುತ್ತಾರೆ.

ಮೂರನೆಯದು ತಿರುಗುವಿಕೆ. ಫಿಲಿಪ್ಸ್ ಕಂಪನಿಯ ಆಲ್ಬರ್ಟ್ ಬೌವರ್ಸ್ ರೂಪಿಸಿದ ತಿರುಗುವ ಆನೋಡ್ 1929ರಲ್ಲಿ ಮಾರುಕಟ್ಟೆಗೆ ಬಂದಿತು. ಎಲೆಕ್ಟ್ರಾನ್ ಬಡಿಯುವ ವೃತ್ತದ ವ್ಯಾಸ 80 ಮಿಲಿಮೀಟರ್ ಎಂದುಕೊಂಡರೆ ಸುತ್ತಳತೆ ಸುಮಾರು 250 ಮಿಲಿಮೀಟರ್, 1.2 ಮಿಲಿಮೀಟರ್ ಅಗಲದ ಜಾಗದ ಬದಲು ಅದರ ಇನ್ನೂರು ಪಟ್ಟು ಜಾಗ ಶಾಖವನ್ನು ಹಂಚಿಕೊಂಡಂತಾಯಿತು. 3,000 ಸುತ್ತಿನ ವೇಗದಲ್ಲಿ ಯಾವುದೇ ಒಂದು ಬಿಂದು ಎಲೆಕ್ಟ್ರಾನುಗಳ ಹೊಡೆತಕ್ಕೆ ಸಿಗುವುದು ಪ್ರತಿ ಸುತ್ತಿಗೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ.

ಇಷ್ಟಾದ ಮೇಲೂ ಶಾಖ ತಟ್ಟೆಯಲ್ಲೇ ಉಳಿದಿರುತ್ತದೆ. ನಿರ್ವಾತದಲ್ಲಿ ಗಾಳಿಯಿಲ್ಲ, ಹಿಡಿದಿರುವ ಮಾಲಿಬ್ಡಿನಮ್ ಕಾಂಡವನ್ನು ಬೇರಿಂಗಿಗೆ ಶಾಖ ಇಳಿಯಬಾರದೆಂದು ಬೇಕೆಂದೇ ಸಣ್ಣದಾಗಿ ಮಾಡಿರುತ್ತಾರೆ. ಹಾಗಾಗಿ ತಟ್ಟೆ ಕೆಂಪಗೆ ಕಾದು, ವಿಕಿರಣದ ಮೂಲಕವೇ ಶಾಖವನ್ನು ಟ್ಯೂಬಿನ ಹೊರಗೆ ಸುತ್ತಲಿರುವ ಎಣ್ಣೆಗೆ ದಾಟಿಸಬೇಕು. ನಿರಪೇಕ್ಷ ತಾಪ, ಅಂದರೆ ಕೆಲ್ವಿನ್‌ನಲ್ಲಿ ಅಳೆದ ತಾಪ, ಎರಡು ಪಟ್ಟಾದರೆ ಹೀಗೆ ಹೊರಹೋಗುವ ಶಾಖ ಹದಿನಾರು ಪಟ್ಟಾಗುತ್ತದೆ ಎಂಬುದು ಇಲ್ಲಿ ಸಹಾಯಕ್ಕೆ ಬರುತ್ತದೆ. ಟ್ಯೂಬಿನ ಒಳಗೆ ಎಣ್ಣೆ ಹಾಕಿದರೆ ನಿರ್ವಾತದಲ್ಲಿ ಆವಿಯಾಗುವುದರಿಂದ ಬೇರಿಂಗುಗಳಿಗೆ ಬೆಳ್ಳಿ ಅಥವಾ ಸೀಸದ ತೆಳು ಲೇಪವೇ ಜಾರಿಕೆ ಒದಗಿಸುತ್ತದೆ. ದಂತವೈದ್ಯರ ಚಿಕ್ಕ ಯಂತ್ರಕ್ಕೆ ಇದಾವುದೂ ಬೇಕಿಲ್ಲ. ಅಲ್ಲಿ ತಾಮ್ರದ ಗಟ್ಟಿಯೊಳಗೆ ಕೂರಿಸಿದ ಟಂಗ್‌ಸ್ಟನ್ ತುಂಡು ನಿಂತಲ್ಲೇ ಕೆಲಸ ಮಾಡುತ್ತದೆ. ಸ್ತನದ ಎಕ್ಸ್‌-ರೇ ಯಂತ್ರಗಳಲ್ಲಿ ಮೃದು ಅಂಗಾಂಶದ ಸೂಕ್ಷ್ಮ ವ್ಯತ್ಯಾಸ ಕಾಣಲು ಮಾಲಿಬ್ಡಿನಮ್ಮಿನ 17.5 ಮತ್ತು 19.6 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಕಿರಣಗಳು ಅನುಕೂಲವಾದ್ದರಿಂದ ಬಹುಕಾಲ ಆ ಲೋಹದ ಆನೋಡನ್ನೇ ಬಳಸಲಾಯಿತು.

ಆನೋಡಿನ ಆಯುಷ್ಯ ಅದನ್ನು ಬಳಸುವವರ ಕೈಯಲ್ಲಿದೆ. ತಣ್ಣಗಿರುವ ಟಂಗ್‌ಸ್ಟನ್ ಪೆಡಸು. ಬೆಳಿಗ್ಗೆ ಮೊದಲ ರೋಗಿಗೇ ದೊಡ್ಡ ಹೊರೆ ಕೊಟ್ಟರೆ ತಟ್ಟೆ ಸೀಳಬಹುದು. ಆದ್ದರಿಂದ ತಯಾರಕರು ಸೂಚಿಸಿದ ಕ್ರಮದಲ್ಲಿ, ಕೋಣೆಯಲ್ಲಿ ಯಾರೂ ಇಲ್ಲದಾಗ, ಕಡಿಮೆ ಹೊರೆಯ ಕೆಲವು ಎಕ್ಸ್‌ಪೋಷರ್ ಕೊಟ್ಟು ಅದನ್ನು ಬಿಸಿ ಮಾಡಬೇಕು. ಗುಂಡಿಯನ್ನು ಅರ್ಧ ಒತ್ತಿ ಹಿಡಿದು ರೋಗಿಯನ್ನು ಸರಿಪಡಿಸುತ್ತಾ ನಿಲ್ಲುವ ಅಭ್ಯಾಸವೂ ಕೆಟ್ಟದ್ದು, ಏಕೆಂದರೆ ಅಷ್ಟೂ ಹೊತ್ತು ಬೇರಿಂಗ್ ಸವೆಯುತ್ತದೆ, ತಂತುವಿನ ಟಂಗ್‌ಸ್ಟನ್ ಆವಿಯಾಗಿ ಟ್ಯೂಬಿನ ಗೋಡೆಗೆ ಅಂಟುತ್ತದೆ. ಹಳತಾದ ತಟ್ಟೆಯ ಮೇಲ್ಮೈ ಒರಟಾಗಿ, ಕಿರಣ ಆ ಒರಟಿನಲ್ಲೇ ಹೀರಿಹೋಗಿ, ಅದೇ ಕಿಲೋವೋಲ್ಟ್ ಮತ್ತು ಮಿಲಿಆಂಪಿಯರಿಗೆ ಮೊದಲಿಗಿಂತ ಕಡಿಮೆ ಕಿರಣ ಬರತೊಡಗುತ್ತದೆ. ಗುಣಮಟ್ಟ ಪರೀಕ್ಷೆಯಲ್ಲಿ ಈ ಇಳಿಕೆ ಕಂಡರೆ, ಅಥವಾ ತಿರುಗುವ ಸದ್ದು ಒರಟಾಗಿ ಕರಕರ ಎನ್ನತೊಡಗಿದರೆ, ಸರ್ವಿಸ್ ಎಂಜಿನಿಯರನ್ನು ಕರೆಸಿ ಟ್ಯೂಬ್ ಪರೀಕ್ಷಿಸಬೇಕು.